ಯುದ್ಧದ ದಿನಗಳಲ್ಲಿ ಬರಿಗಾಲ ಚೆಂಡಾಟ

ಬಿಳಿಗಿರಿರಂಗನ ಬೆಟ್ಟದ ಒಂದು ಮಗ್ಗುಲಿಗೆ ಯಳಂದೂರು, ಇನ್ನೊಂದು ಮಗ್ಗುಲಿಗೆ ಕೊಳ್ಳೇಗಾಲ, ಹನೂರು. ಇಂದು ಮೂರೂ ಚಾಮರಾಜನಗರ ಜಿಲ್ಲೆಯ ತಾಲ್ಲೂಕುಗಳು. ಆದರೆ 1939ರಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಈ ಬೆಟ್ಟಸಾಲು ಎರಡು ಆಡಳಿತಗಳ ನಡುವಿನ ಗಡಿಯಾಗಿತ್ತು. ಯಳಂದೂರು ಮೈಸೂರು ಮಹಾರಾಜರ ಸಂಸ್ಥಾನದಲ್ಲಿತ್ತು. ಕೊಳ್ಳೇಗಾಲ ಬ್ರಿಟಿಷರ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು.

ಯುದ್ಧಭೂಮಿ ಎಲ್ಲೋ ದೂರದಲ್ಲಿತ್ತು, ನಿಜ. ಆದರೂ ಅದರ ಬಿಸಿ ಈ ಸೀಮೆಗೂ ತಟ್ಟದೆ ಇರಲಿಲ್ಲ. ಪ್ಯಾರಾಚೂಟಿಗೆ ರೇಷ್ಮೆ ಬೇಕು, ಜಪಾನ್ ಶತ್ರುಪಕ್ಷ ಸೇರಿತ್ತು. ಹಾಗಾಗಿ ಮೈಸೂರು, ಕೊಳ್ಳೇಗಾಲಗಳ ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ ಬಂತು. 1942ರಲ್ಲಿ ಬರ್ಮಾ ಜಪಾನೀಯರ ವಶವಾದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿಗೆ ರೇಷನ್, ಸೀಮೆಎಣ್ಣೆಗೆ ಕ್ಯೂ!

ಇಂಥ ಕಾಲದಲ್ಲಿ ಮಕ್ಕಳು ಮೈದಾನಕ್ಕೆ ಓಡಿದರೆ ಯಾವ ತಂದೆ ತಾನೇ ಸುಮ್ಮನಿದ್ದಾರು? ‘ಆಟ ಹೊಟ್ಟೆಗೆ ಹಿಟ್ಟು ಕೊಡುತ್ತದೆಯೇ?’ ಎಂಬ ಪ್ರಶ್ನೆ ಇಂದಿನದಲ್ಲ. ಅದಕ್ಕೆ ಉತ್ತರ ಹುಡುಕಲು ಬೆಟ್ಟ ಇಳಿದು ಬೆಂಗಳೂರಿನ ದಂಡಿನ ಕಡೆಗೆ ಹೋಗಬೇಕು.

ದಂಡು ಎಂದರೆ ಬ್ರಿಟಿಷ್ ಸೈನ್ಯ ಬೀಡುಬಿಟ್ಟಿದ್ದ ಪ್ರದೇಶ. ಸಂಜೆಯಾದರೆ ಅಲ್ಲಿನ ಮೈದಾನಗಳಲ್ಲಿ ಸೋಲ್ಜರುಗಳು ಬೂಟು ಕಟ್ಟಿಕೊಂಡು ಫುಟ್‌ಬಾಲ್ ಆಡುತ್ತಿದ್ದರು. ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನಿನಂಥ ಕಡೆಗಳ ಬಡವರ ಮಕ್ಕಳಿಗೆ ಆ ಮೈದಾನಗಳೇ ಪಾಠಶಾಲೆ. ಬೂಟು ಕೊಳ್ಳಲು ಕಾಸಿಲ್ಲ, ಇದ್ದರೂ ಅಭ್ಯಾಸವಿಲ್ಲ. ಬರಿಗಾಲಿನಲ್ಲೇ ಆಡಿದರು. ಬರಿಗಾಲಿಗೊಂದು ಗುಣವಿದೆ. ಚೆಂಡು ಎಲ್ಲಿದೆ, ಎಷ್ಟು ತಿರುಗುತ್ತಿದೆ ಎಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಬೂಟುಗಾಲಿನವರೊಡನೆ ಮೈಗೆ ಮೈ ತಾಗಿಸಿ ಗೆಲ್ಲುವಂತಿಲ್ಲ. ಆದ್ದರಿಂದ ಚಿಕ್ಕ ಚಿಕ್ಕ ಪಾಸು, ಚಕ್ಕನೆ ತಿರುಗುವುದು, ನುಣುಚಿಕೊಳ್ಳುವುದು ಇವರ ವಿದ್ಯೆಯಾಯಿತು. ಮಳೆ ಬಂದು ನೆಲ ಜಾರಿದರೆ ಮಾತ್ರ ಕಷ್ಟ.

ಈ ನೆಲದಲ್ಲಿ ಬೆಳೆದ ತಂಡ ಬೆಂಗಳೂರು ಮುಸ್ಲಿಮ್ಸ್. ಮುಂಬಯಿಯ ರೋವರ್ಸ್ ಕಪ್ ಪಂದ್ಯಾವಳಿ 1891ರಲ್ಲಿ ಆರಂಭವಾದದ್ದು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅದು ಬ್ರಿಟಿಷ್ ಪಡೆಗಳ ಸ್ವತ್ತಿನಂತಿತ್ತು. 1937ರಲ್ಲಿ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಎಂಬ ಹೆಸರು ಬೆಂಗಳೂರು ಮುಸ್ಲಿಮ್ಸ್ ತಂಡದ್ದಾಯಿತು. ಫೈನಲಿನಲ್ಲಿ ಸೋತದ್ದು ಸಾಮಾನ್ಯ ತಂಡವಲ್ಲ. 1934ರಿಂದ ಕಲ್ಕತ್ತಾ ಲೀಗನ್ನು ವರ್ಷ ಬಿಡದೆ ಗೆಲ್ಲುತ್ತಿದ್ದ ಮಹಮ್ಮಡನ್ ಸ್ಪೋರ್ಟಿಂಗ್! ಮರುವರ್ಷ ಎದುರಾದದ್ದು ಸ್ಕಾಟ್ಲೆಂಡಿನ ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ಎಂಬ ಸೈನಿಕ ಪಡೆ. ಅವರನ್ನೂ ಸೋಲಿಸಿ ಬೆಂಗಳೂರಿನವರು ಕಪ್ಪನ್ನು ಉಳಿಸಿಕೊಂಡರು.

ಅಷ್ಟರಲ್ಲಿ ಯುದ್ಧ ಬಂತು. ಸೋತ ಆ ಹೈಲ್ಯಾಂಡರ್ಸ್ ಪಡೆಯ ಎರಡನೇ ಬೆಟಾಲಿಯನ್ನಿನವರು 1939ರಲ್ಲಿ ಭಾರತ ಬಿಟ್ಟು ಹಡಗೇರಿ ಮಲಯಕ್ಕೆ ಹೋದರು. ಅಲ್ಲಿನ ಕಾಡುಗಳಲ್ಲಿ ಜಪಾನೀಯರೊಡನೆ ಹೋರಾಡುತ್ತ ಹಿಮ್ಮೆಟ್ಟಿದರು. 1942ರ ಜನವರಿ 31ರಂದು ಬ್ಯಾಗ್‌ಪೈಪ್ ಊದುತ್ತ ಜೊಹೋರ್ ಸೇತುದಾರಿ ದಾಟಿ ಸಿಂಗಪುರ ಸೇರಿದ ಕೊನೆಯವರಲ್ಲಿ ಅವರೂ ಇದ್ದರು. ಹದಿನೈದೇ ದಿನಕ್ಕೆ ಸಿಂಗಪುರ ಶರಣಾಯಿತು. ಬದುಕುಳಿದವರಲ್ಲಿ ಬಹಳ ಮಂದಿ ಸೆರೆಯಾಳುಗಳಾದರು. ಮೈದಾನದಲ್ಲಿ ಎದುರಾಳಿಯಾದವನು ಶತ್ರುವಲ್ಲ, ಪಂದ್ಯ ಮುಗಿದರೆ ಕೈಕುಲುಕಿ ಹೋಗುವವನು. ಯುದ್ಧಕ್ಕೆ ಆ ಸೌಜನ್ಯ ಗೊತ್ತಿಲ್ಲ.

ಇಂಗ್ಲೆಂಡಿನಲ್ಲೂ ಅದೇ ಕಥೆ. ಯುದ್ಧ ಘೋಷಣೆಯಾದೊಡನೆ ಅಲ್ಲಿನ ಫುಟ್‌ಬಾಲ್ ಲೀಗ್ ನಿಂತಿತು. ಬೋಲ್ಟನ್ ವಾಂಡರರ್ಸ್ ತಂಡದ ನಾಯಕ ಹ್ಯಾರಿ ಗೋಸ್ಲಿನ್ ತನ್ನ ಬಹುತೇಕ ಆಟಗಾರರೊಡನೆ ಒಂದೇ ಫಿರಂಗಿದಳಕ್ಕೆ ಸೇರಿದರು. 1943ರ ಡಿಸೆಂಬರಿನಲ್ಲಿ ಇಟಲಿಯ ಯುದ್ಧರಂಗದಲ್ಲಿ ಮಡಿದರು. ಇನ್ನೊಬ್ಬ ಪ್ರಸಿದ್ಧ ಆಟಗಾರ ಡೆನಿಸ್ ಕಾಂಪ್ಟನ್ ಸೈನಿಕನಾಗಿ ಭಾರತಕ್ಕೆ ಬಂದು, ಬಿಡುವಿನಲ್ಲಿ ಹೋಳ್ಕರ್ ತಂಡದ ಪರವಾಗಿ ರಣಜಿ ಕ್ರಿಕೆಟ್ ಕೂಡ ಆಡಿದರು.

ನಮ್ಮಲ್ಲಿ ಆಟ ಕುಂಟುತ್ತಾ ಸಾಗಿತು. ಡ್ಯುರಾಂಡ್ ಕಪ್ 1940ರ ನಂತರ ದಶಕದ ಕೊನೆಯವರೆಗೂ ನಡೆಯಲಿಲ್ಲ. ಪ್ರಾಂತ್ಯ ಪ್ರಾಂತ್ಯಗಳ ನಡುವಿನ ಸಂತೋಷ್ ಟ್ರೋಫಿ 1941ರಲ್ಲಿ ಹುಟ್ಟಿ, ಎರಡು ವರ್ಷ ನಿಂತು, 1944ರಲ್ಲಿ ಮತ್ತೆ ಎದ್ದಿತು. ದೊಡ್ಡ ಪಂದ್ಯಗಳು ನಿಂತರೂ ಗಲ್ಲಿಯ ಆಟ ಮಾತ್ರ ನಿಲ್ಲಲಿಲ್ಲ. ಇದೇ ಮುಖ್ಯ ಸಂಗತಿ. ಏಕೆಂದರೆ ಆಟಗಾರ ತಯಾರಾಗುವುದು ಕಪ್ಪಿನ ಪಂದ್ಯದಲ್ಲಲ್ಲ, ಗಲ್ಲಿಯಲ್ಲಿ.

ಅಹ್ಮದ್ ಖಾನ್ ಉದಾಹರಣೆ ನೋಡಿ. ಅವರು ಹುಟ್ಟಿದ್ದು 1926ರ ಡಿಸೆಂಬರಿನಲ್ಲಿ. ಯುದ್ಧ ಶುರುವಾದಾಗ ಅವರಿಗೆ 12 ವರ್ಷ, ಮುಗಿದಾಗ 18. ಅಂದರೆ ಹುಡುಗನೊಬ್ಬ ಆಟ ಕಲಿಯುವ ವಯಸ್ಸೆಲ್ಲ ಯುದ್ಧದಲ್ಲೇ ಕಳೆಯಿತು! ಬೆಂಗಳೂರು ಕ್ರೆಸೆಂಟ್ಸ್, ಬೆಂಗಳೂರು ಮುಸ್ಲಿಮ್ಸ್ ತಂಡಗಳಲ್ಲಿ ಆಡಿ ಬೆಳೆದ ಈ ಹುಡುಗನ ಕಾಲಿಗೆ ಚೆಂಡು ಅಂಟಿಕೊಂಡಂತೆ ಇರುತ್ತಿತ್ತು. ಮುಂದೆ ಕಲ್ಕತ್ತೆಯ ಜನ ಅವರನ್ನು ‘ಹಾವಾಡಿಗ’ ಎಂದೇ ಕರೆದರು.

ಯುದ್ಧ ಮುಗಿದ ಮರುವರ್ಷವೇ, 1946ರಲ್ಲಿ, ಸಂತೋಷ್ ಟ್ರೋಫಿ ಬೆಂಗಳೂರಿಗೆ ಬಂತು. ಮೈಸೂರು ತಂಡ ಬಲಿಷ್ಠ ಬಂಗಾಳವನ್ನು ಫೈನಲಿನಲ್ಲಿ ಸೋಲಿಸಿ ಮೊದಲ ಬಾರಿಗೆ ಗೆದ್ದಿತು. ಇಲ್ಲೊಂದು ವಿಚಿತ್ರವಿದೆ. ಅಂದಿನ ಲೆಕ್ಕದಲ್ಲಿ ಆ ಗೆಲುವು ಯಳಂದೂರಿನವರದು. ಬೆಟ್ಟದಾಚೆಯ ಕೊಳ್ಳೇಗಾಲದವರ ತಂಡ ಮದರಾಸು! ಮಾತು ಕನ್ನಡ, ದೇವರು ಅದೇ ಬಿಳಿಗಿರಿರಂಗ, ತಂಡ ಮಾತ್ರ ಬೇರೆ. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಆ ಗೆರೆ ಅಳಿಯಿತು.

1948ರ ಲಂಡನ್ ಒಲಿಂಪಿಕ್ಸಿಗೆ ಸ್ವತಂತ್ರ ಭಾರತದ ತಂಡ ಹೊರಟಿತು. ನಾಯಕರು ನಾಗಾ ಬೆಟ್ಟಗಳ ಟಾಲಿಮೆರೆನ್ ಆವೊ. ಜೊತೆಗೆ ಮೈಸೂರಿನಿಂದ ಗೋಲ್‌ಕೀಪರ್ ವರದರಾಜ್, ವಜ್ರವೇಲು, ಸಾರಂಗಪಾಣಿ ರಾಮನ್, ಅಹ್ಮದ್ ಖಾನ್ ಮೊದಲಾದವರು. ದೇಶ ಇಬ್ಭಾಗವಾಗಿ ವರ್ಷವೂ ತುಂಬಿರಲಿಲ್ಲ. ಧರ್ಮದ ಹೆಸರಿನಲ್ಲಿ ರಕ್ತ ಹರಿದಿತ್ತು. ಈ ಹುಡುಗರು ಒಂದೇ ಅಂಗಿ ತೊಟ್ಟು, ಹೆಚ್ಚಿನವರು ಬರಿಗಾಲಿನಲ್ಲೇ, ಜುಲೈ 31ರಂದು ಫ್ರಾನ್ಸ್ ವಿರುದ್ಧ ಆಡಿದರು. ಎರಡು ಪೆನಾಲ್ಟಿ ವ್ಯರ್ಥವಾದವು. ಕೊನೆಗಳಿಗೆಯ ಗೋಲಿನಿಂದ ಭಾರತ 1–2ರಲ್ಲಿ ಸೋತಿತು. ಆದರೆ ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಗೋಲು ರಾಮನ್ ಅವರದು. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ 10–1ರಿಂದ ಬಡಿದಾಗ ಆ ಒಂದು ಗೋಲು ಅಹ್ಮದ್ ಖಾನರದು. ಆ ಸೋಲಿನ ನಂತರವೇ ನಮ್ಮ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ಬರಿಗಾಲಿನ ಯುಗ ಮುಗಿಯಿತು.

ಆಟ ಯುದ್ಧವನ್ನು ನಿಲ್ಲಿಸಲಿಲ್ಲ. ಯಾರ ಮನೆಯ ಅಕ್ಕಿಯ ಡಬ್ಬವನ್ನೂ ಅದು ಆಗ ತುಂಬಲಿಲ್ಲ. ಆದರೆ ಲೋಕವೇ ಕೆಟ್ಟಿದ್ದ ಆರು ವರ್ಷಗಳಲ್ಲಿ ಹುಡುಗರು ಕೆಡದಂತೆ ನೋಡಿಕೊಂಡಿತು. ಅನ್ನದ ಪ್ರಶ್ನೆಗೂ ಕಾಲವೇ ಉತ್ತರ ಕೊಟ್ಟಿತು. ಯುದ್ಧಕ್ಕಾಗಿಯೇ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿಮಾನ ಕಾರ್ಖಾನೆ ಮುಂದೆ ತನ್ನದೇ ಫುಟ್‌ಬಾಲ್ ತಂಡ ಕಟ್ಟಿತು. ಐಟಿಐ ಕೂಡ ಕಟ್ಟಿತು. ಗಲ್ಲಿಯಲ್ಲಿ ಚೆಂಡು ಒದೆಯುತ್ತಿದ್ದ ಎಷ್ಟೋ ಹುಡುಗರಿಗೆ ಇಂಥ ಕಾರ್ಖಾನೆಗಳಲ್ಲಿ ಸಂಬಳದ ಕೆಲಸ ಸಿಕ್ಕಿತು.

1968–69ರ ನಂತರ 54 ವರ್ಷ ಕಾದು, 2023ರ ಮಾರ್ಚಿನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮತ್ತೆ ಸಂತೋಷ್ ಟ್ರೋಫಿ ಗೆದ್ದಿತು. ಈ ಸಲ ಗೆದ್ದ ತಂಡ ಯಳಂದೂರಿನದೂ ಹೌದು, ಕೊಳ್ಳೇಗಾಲದ್ದೂ ಹೌದು. ಪರೀಕ್ಷೆ ಮುಗಿಯಲಿ, ಕಾಲ ಸರಿಹೋಗಲಿ, ಆಮೇಲೆ ಆಡಿದರಾಯಿತು ಎನ್ನುವ ಹಿರಿಯರು ಒಂದು ಲೆಕ್ಕ ಹಾಕಿ ನೋಡಬಹುದು. ಕಾಲ ಸರಿಹೋಗಲೆಂದು ಅಹ್ಮದ್ ಖಾನ್ ಕಾದಿದ್ದರೆ, ಚೆಂಡನ್ನು ಮೊದಲು ಮುಟ್ಟುವಾಗ ಅವರಿಗೆ 18 ತುಂಬಿರುತ್ತಿತ್ತು.