ಅಜ್ಜನ ಕಾಲಿನ ‘ಪುಸ್’ ಸದ್ದು

ಬಂಟ್ವಾಳದ ನಮ್ಮ ಮನೆಗೆ ಬರುವ ಮಕ್ಕಳೆಲ್ಲ ಕೇಳುವುದು ಒಂದೇ: “ಅಜ್ಜಾ, ನಿಮ್ಮ ಕಾಲು ಕಳಚಿ ಬೀಳುವುದಿಲ್ಲವಾ?” ಸಕ್ಕರೆ ಕಾಯಿಲೆಯ ಗಾಯ ಮಾಯದೆ ನನ್ನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದು ಆರು ವರ್ಷವಾಯಿತು. ಈಗಿನ ಕೃತಕ ಕಾಲಿಗೆ ಬೆಲ್ಟೂ ಇಲ್ಲ, ಬಕಲ್ಲೂ ಇಲ್ಲ. ಅದನ್ನು ಹಿಡಿದಿಟ್ಟಿರುವುದು ಹೊರಗಿನ ಗಾಳಿ!

ನಮ್ಮ ಸುತ್ತಲಿನ ಗಾಳಿ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು 1 ಕಿಲೋ ಭಾರದಷ್ಟು ಒತ್ತುತ್ತಿರುತ್ತದೆ. 17ನೇ ಶತಮಾನದಲ್ಲಿ ಜರ್ಮನಿಯ ಓಟೋ ಫಾನ್ ಗೆರಿಕೆ ಎರಡು ಲೋಹದ ಅರೆಗೋಳಗಳನ್ನು ಜೋಡಿಸಿ ಒಳಗಿನ ಗಾಳಿ ತೆಗೆದ. ಎರಡೂ ಕಡೆ ಕುದುರೆ ಕಟ್ಟಿ ಎಳೆಸಿದರೂ ಅವು ಬಿಡಿಸಿಕೊಳ್ಳಲಿಲ್ಲ. ನನ್ನ ಕಾಲಿನ ಗುಟ್ಟೂ ಅದೇ. ಉಳಿದ ಕಾಲಿಗೆ ಮೆತ್ತನೆಯ ಲೈನರ್ ಹಾಕಿ, ಗಟ್ಟಿ ಸಾಕೆಟ್ಟಿನೊಳಗೆ ಇಳಿಸಿ, ಮೇಲೆ ತೊಡೆಯವರೆಗೆ ರಬ್ಬರಿನಂಥ ಸ್ಲೀವ್ ಎಳೆದುಕೊಳ್ಳುತ್ತೇನೆ. ಹೆಜ್ಜೆ ಹಾಕಿದಂತೆಲ್ಲ ಪುಟ್ಟ ಪಂಪು ಲೈನರ್‌ಗೂ ಸಾಕೆಟ್ಟಿಗೂ ನಡುವಿನ ಗಾಳಿಯನ್ನು ಹೊರಗೆ ಹಾಕುತ್ತದೆ. ವಾಲ್ವು ಅದನ್ನು ಮತ್ತೆ ಒಳಗೆ ಬಿಡುವುದಿಲ್ಲ.

ಎಲ್ಲಾದರೂ ಗಾಳಿ ನುಸುಳಿತೋ, ‘ಪುಸ್’ ಎನ್ನುತ್ತದೆ. ಹೆಜ್ಜೆ ಎತ್ತಿದಾಗ ಕಾಲು ಕೆಳಕ್ಕೆ ಜಗ್ಗುತ್ತದೆ, ಚರ್ಮ ತಿಕ್ಕಿ ಗುಳ್ಳೆ ಏಳುತ್ತದೆ. ನನಗೆ ಅಲ್ಲಿ ನೋವು ಸರಿಯಾಗಿ ಗೊತ್ತಾಗುವುದಿಲ್ಲ. ಇನ್ನೊಂದು ಗಾಯವಾದರೆ ಮೊಣಕಾಲೂ ಉಳಿಯುವುದು ಕಷ್ಟ. ಅದಕ್ಕೇ ದಿನಾ ರಾತ್ರಿ ಕೈಗನ್ನಡಿ ಹಿಡಿದು ನೋಡುತ್ತೇನೆ. ಕೆಂಪು ಮಾಸದಿದ್ದರೆ ಮರುದಿನ ಕಾಲು ಹಾಕುವುದಿಲ್ಲ, ಡಾಕ್ಟರರ ಹತ್ತಿರ ಹೋಗುತ್ತೇನೆ.

“ಸೈಕಲ್ ಟ್ಯೂಬಿನ ಹಾಗೆ ಬಕೆಟ್ ನೀರಿನಲ್ಲಿ ಮುಳುಗಿಸಿ ನೋಡಿ ಅಜ್ಜಾ” ಎಂದಳು ಮೂಡುಬಿದಿರೆಯಿಂದ ಬಂದ ಮೊಮ್ಮಗಳು. ಬುದ್ಧಿವಂತೆಯೇ! ಆದರೆ ಟ್ಯೂಬಿನಲ್ಲಿ ಗಾಳಿ ಹೊರಗೆ ಬರುತ್ತದೆ, ನನ್ನದರಲ್ಲಿ ಒಳಗೆ ಹೋಗುತ್ತದೆ, ಗುಳ್ಳೆ ಎಲ್ಲಿಂದ ಬರಬೇಕು? ಪಂಪಿಗೆ ನೀರು ಸೇರಿದರೆ ಅದೂ ಕೆಡುತ್ತದೆ. ಹಾಗಾಗಿ ಫ್ಯಾನ್ ಆರಿಸಿ ಅವಳು ಕಿವಿಗೊಡುತ್ತಾಳೆ. ಮೊದಲು ಸ್ಲೀವ್ ಮಡಚಿಕೊಂಡಿದೆಯೇ ಎಂದು ನೋಡುತ್ತೇವೆ. ಆಮೇಲೆ ಒಳಗಿನ ಕಾಲುಚೀಲದ ಅಂಚು ಸ್ಲೀವಿನ ಕೆಳಗೆ ಸಿಕ್ಕಿದೆಯೇ ಎಂದು. ಬಟ್ಟೆಯ ಎಳೆಯೊಳಗಿಂದ ಗಾಳಿ ಸಲೀಸಾಗಿ ಹೋಗುತ್ತದೆ. ಅಲ್ಲಿಯೂ ಸರಿಯಿದ್ದರೆ ಸ್ಲೀವ್ ಬಿಚ್ಚಿ, ಹಿಗ್ಗಿಸಿ, ಕಿಟಕಿ ಬೆಳಕಿಗೆ ಹಿಡಿಯುತ್ತೇವೆ. ಸೂಜಿಮೊನೆಯಷ್ಟು ತೂತಿದ್ದರೂ ಕಾಣುತ್ತದೆ. ವಾಲ್ವಿನಲ್ಲಿ ಧೂಳು ಕೂತಿದ್ದರೆ ಅದನ್ನು ಕಾಲು ಮಾಡಿಕೊಟ್ಟವರೇ ತೆಗೆಯಬೇಕು, ನಾವು ಕಡ್ಡಿ ಹಾಕಬಾರದು.

ಬೆಳ್ತಂಗಡಿಯಲ್ಲಿ ತಮ್ಮನ ಅಡಿಕೆ ತೋಟಕ್ಕೆ ಹೋಗಿದ್ದಾಗ ಬೇಲಿಯ ಮುಳ್ಳು ತಾಗಿ ಗುಡ್ಡದ ಅರ್ಧದಲ್ಲೇ ‘ಪುಸ್’ ಶುರುವಾಯಿತು. ಕಟ್ಟೆಯ ಮೇಲೆ ಕೂತು ಚೀಲದಲ್ಲಿದ್ದ ಇನ್ನೊಂದು ಸ್ಲೀವ್ ಹಾಕಿಕೊಂಡೆ. ತಮ್ಮ ಅಷ್ಟರಲ್ಲಿ ಜೀಪಿಗೆ ಫೋನ್ ಮಾಡಿಯೂ ಆಗಿತ್ತು!

ನಮ್ಮೂರಿನ ಮಳೆಗಾಲವೇ ದೊಡ್ಡ ತಲೆನೋವು. ಬೆವರಿದರೆ ಲೈನರ್ ಜಾರುತ್ತದೆ, ತೊಳೆದರೆ ಬೇಗ ಒಣಗುವುದಿಲ್ಲ. ಎರಡು ಇಟ್ಟುಕೊಂಡಿದ್ದೇನೆ. ಮೆದು ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಒಂದು ದಿನ ಬಿಟ್ಟು ಒಂದು ದಿನ ಹಾಕುವುದು.

ಹೊರಗೆ ಹೊರಟರೆ ಚೀಲ ತಪಾಸಣೆ ಮೊಮ್ಮಗಳದ್ದು: ಸ್ಲೀವ್, ಒಣ ಬಟ್ಟೆ, ಕನ್ನಡಿ, ಬಿಸ್ಕತ್ತು. ಬಿಸ್ಕತ್ತು ಅವಳಿಗೆ.