ಹೈಬ್ರಿಡ್ ಕಾರು ಟಕಟಕ ಅಂದರೆ ಮೊದಲು ಕೇಳಬೇಕಾದ್ದು: ಯಾವಾಗ?

ಜಿಲ್ಲೆಯಲ್ಲಿ ಸುದ್ದಿ ಬರೆಯುವ ನಮ್ಮಂಥ ಸ್ಟ್ರಿಂಗರ್‌ಗಳಿಗೆ ಆಫೀಸಿನ ಗಾಡಿ ಇರುವುದಿಲ್ಲ. ಹಾನಗಲ್ ಕಡೆ ಮಳೆ ಜೋರಾಯಿತು, ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಬಿತ್ತು ಅಂದರೆ ಮೂರು ನಾಲ್ಕು ಮಂದಿ ಖರ್ಚು ಹಂಚಿಕೊಂಡು ಹಾವೇರಿಯಿಂದ ಒಂದು ಟ್ಯಾಕ್ಸಿ ಮಾಡಿಕೊಂಡು ಹೋಗುತ್ತೇವೆ. ವರ್ಷಗಳಿಂದ ನಮಗೆ ಒಬ್ಬರೇ ಡ್ರೈವರ್. ನಾವು ಅವರನ್ನು ಅಣ್ಣ ಎಂದೇ ಕರೆಯುತ್ತೇವೆ. ಬಾಡಿಗೆ ತಡವಾದರೂ ಮುಖ ಸಣ್ಣದು ಮಾಡಿದವರಲ್ಲ.

ಅಣ್ಣ ತಮ್ಮ ಹಳೇ ಡೀಸೆಲ್ ಕಾರು ಕೊಟ್ಟು ಒಂದು ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕಾರು ತಗೊಂಡರು. ಸೊಸೈಟಿ ಸಾಲ ಸ್ವಲ್ಪ, ಮನೆಯವರ ಬಂಗಾರ ಸ್ವಲ್ಪ. ಊರೊಳಗೆ ಓಡಿಸಿದಾಗ ಅರ್ಧ ದಾರಿ ಬ್ಯಾಟರಿಯ ಮೇಲೆ ಸಾಗುತ್ತದೆ, ಪೆಟ್ರೋಲ್ ಉಳಿಯುತ್ತದೆ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಆರು ತಿಂಗಳಾದ ಮೇಲೆ ಕಾರು ಬಡಿದುಕೊಳ್ಳಲು ಶುರುವಾಯಿತು.

"ಮುಂಜಾನೆ ಚಾಲೂ ಮಾಡಿದ ಕೂಡ್ಲೇ ಟಕಟಕ ಬಡಕೊಳ್ತೈತ್ರಿ ಸರ. ರೋಡಿನ್ಯಾಗೂ ಒಮ್ಮೊಮ್ಮೆ ಬಡೀತೈತಿ. ಗ್ಯಾರೇಜಿಗೆ ಒಯ್ದ್ರ ಸುಮ್ನಾಗಿಬಿಡ್ತೈತಿ" ಎಂದರು ಅಣ್ಣ.

ಗ್ಯಾರೇಜಿನ ಮಿಸ್ತ್ರಿ "ಎಂಜಿನ್ ಬಿಚ್ಚಿದ್ರನ ಗೊತ್ತಾಗೂದು" ಅಂದರು. ಇನ್ನೊಬ್ಬರು ಹೈಬ್ರಿಡ್ ಬ್ಯಾಟರಿಯೇ ಹೋಗಿದೆ ಅಂದರು. ಟ್ಯಾಕ್ಸಿ ಸ್ಟ್ಯಾಂಡಿನ ಗೆಳೆಯರದು ಮೂರನೇ ಮಾತು: "ದನಿ ದೊಡ್ಡದಾಗೂದ್ರೊಳಗ ಮಾರಿಬಿಡಪಾ." ಒಂದು ಶಬ್ದ, ಮೂರು ತೀರ್ಪು. ಸಾಲದ ಕಂತು ಮಾತ್ರ ತಿಂಗಳು ತಿಂಗಳು ತಪ್ಪದೆ ಬರುತ್ತಿತ್ತು.

ನಾವು ಮೆಕ್ಯಾನಿಕ್‌ಗಳಲ್ಲ. ಆದರೆ ಯಾರು, ಏನು, ಎಲ್ಲಿ, ಯಾವಾಗ, ಯಾಕೆ ಎಂದು ಕೇಳುವುದು ನಮ್ಮ ಕಸುಬು. ಎಲ್ಲರೂ "ಯಾಕೆ"ಗೆ ಉತ್ತರ ಹೇಳುತ್ತಿದ್ದರು, "ಯಾವಾಗ" ಎಂದು ಯಾರೂ ಸರಿಯಾಗಿ ಕೇಳಿರಲಿಲ್ಲ. ಅಲ್ಲಿಂದಲೇ ಶುರು ಮಾಡೋಣ ಎಂದು ಒಂದು ನೋಟ್‌ಬುಕ್ ತಂದು ಕಾರಿನ ಡ್ಯಾಶ್‌ಬೋರ್ಡಿನಲ್ಲಿಟ್ಟೆವು.

ಮೊದಲು ಹೈಬ್ರಿಡ್ ಎಂದರೆ ಏನು ಎಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ. ಇದರಲ್ಲಿ ಪೆಟ್ರೋಲ್ ಎಂಜಿನ್ನೂ ಇರುತ್ತದೆ, ಕರೆಂಟಿನ ಮೋಟರೂ ಇರುತ್ತದೆ. ಯಾವಾಗ ಯಾವುದು ಓಡಬೇಕು ಎಂದು ಕಂಪ್ಯೂಟರ್ ತೀರ್ಮಾನಿಸುತ್ತದೆ. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಹೈಬ್ರಿಡ್ ಕಾರು ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1997ರಲ್ಲಿ. ಈಗ ನಮ್ಮ ಬಿಡದಿಯಲ್ಲೂ ಹೈಬ್ರಿಡ್ ಕಾರುಗಳು ತಯಾರಾಗುತ್ತವೆ, ಬೇರೆ ಬೇರೆ ಕಂಪನಿಗಳು ಮಾರುತ್ತವೆ. ಅಣ್ಣನ ಕಾರು ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ. ನಾವು ಮುಂದೆ ಹೇಳುವ ತೊಂದರೆ ಯಾವ ಪೆಟ್ರೋಲ್ ಎಂಜಿನ್ನಿಗೂ ಬರಬಹುದು.

ಹೈಬ್ರಿಡ್‌ನಲ್ಲಿ ಶಬ್ದ ಪತ್ತೆ ಮಾಡುವುದು ಕಷ್ಟ ಯಾಕೆಂದರೆ ಎಂಜಿನ್ ತನ್ನಷ್ಟಕ್ಕೆ ನಿಲ್ಲುತ್ತದೆ, ತನ್ನಷ್ಟಕ್ಕೆ ಚಾಲೂ ಆಗುತ್ತದೆ. ಎಂಜಿನ್ ನಿಂತಾಗ ಕಾರು ಎಷ್ಟು ಮೌನವಾಗಿರುತ್ತದೆ ಎಂದರೆ, ಡೀಸೆಲ್ ಗಾಡಿಯಲ್ಲಿ ಕಿವಿಗೇ ಬೀಳದ ಸದ್ದುಗಳೆಲ್ಲ ಕೇಳಿಸತೊಡಗುತ್ತವೆ. ಅವುಗಳಲ್ಲಿ ಹಲವು ರೋಗವೇ ಅಲ್ಲ. ಸ್ಟಾರ್ಟ್ ಬಟನ್ ಒತ್ತಿದಾಗ "ಟಕ್" ಅನ್ನುವುದು ದೊಡ್ಡ ಬ್ಯಾಟರಿಯ ರಿಲೇ. ಬಾಗಿಲು ತೆಗೆದಾಗ ಅಥವಾ ಬ್ರೇಕ್ ತುಳಿದಾಗ ಕೆಲವು ಕಾರುಗಳಲ್ಲಿ "ಗುರ್ರ್" ಅನ್ನುವುದು ಬ್ರೇಕಿನ ಒತ್ತಡ ತುಂಬುವ ಪಂಪು. ಹಿಂದಿನ ಸೀಟಿನ ಹತ್ತಿರ ಗಾಳಿ ಬೀಸಿದಂತೆ ಕೇಳಿಸಿದರೆ ಅದು ಬ್ಯಾಟರಿ ತಣ್ಣಗಿಡುವ ಫ್ಯಾನು. ಇವನ್ನು ಪುಸ್ತಕದ ಒಂದು ಪುಟದಲ್ಲಿ ಬರೆದು "ಇದಕ್ಕೆ ಹೆದರಬೇಡ" ಎಂದು ತಲೆಬರಹ ಕೊಟ್ಟೆವು.

ಹತ್ತು ದಿನ ಅಣ್ಣ ಬರೆದರು. ಎಷ್ಟು ಗಂಟೆ, ಎಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ನಿಂತಿತ್ತೋ ಓಡುತ್ತಿತ್ತೋ, ರಸ್ತೆ ಹೇಗಿತ್ತು, ಸದ್ದು ಎಷ್ಟು ಹೊತ್ತು ಇತ್ತು. ನಾವು ಜೊತೆಗಿದ್ದಾಗ ಫೋನಿನಲ್ಲಿ ರೆಕಾರ್ಡ್ ಮಾಡಿದೆವು. ಹನ್ನೊಂದನೇ ದಿನ ಚಹಾದಂಗಡಿಯಲ್ಲಿ ಕೂತು ಪುಟ ತಿರುವಿದಾಗ ಒಂದು ಸಂಗತಿ ಎದ್ದು ಕಂಡಿತು. ಅಣ್ಣ "ಆ ಸದ್ದು" ಎನ್ನುತ್ತಿದ್ದುದು ಒಂದು ಸದ್ದಲ್ಲ, ಎರಡು.

ಒಂದು, ಹಂಪ್ ಮತ್ತು ತಗ್ಗಿನ ಮೇಲೆ ಮಾತ್ರ ಬರುವ "ಟಕ್ ಟಕ್". ಇನ್ನೊಂದು, ಬೆಳಿಗ್ಗೆ ಮೊದಲ ಸಲ ಎಂಜಿನ್ ಚಾಲೂ ಆದಾಗ ಹತ್ತು ಸೆಕೆಂಡಿನ ಒಳಗೆ ಮುಗಿಯುವ "ಗಡಗಡ". ಆಗ ಇಡೀ ಕಾರು ನಡುಗುತ್ತಿತ್ತು. ಎರಡನ್ನೂ ಸೇರಿಸಿ ಹೇಳಿದ್ದರಿಂದಲೇ ಯಾವ ಮಿಸ್ತ್ರಿಯ ಉತ್ತರವೂ ಪೂರ್ತಿ ಹೊಂದುತ್ತಿರಲಿಲ್ಲ.

ಮೊದಲನೆಯದನ್ನು ಹಿಡಿಯಲು ಹೈಬ್ರಿಡ್ ಕಾರೇ ಸಹಾಯ ಮಾಡಿತು. ಎಂಜಿನ್ ಓಡುತ್ತಿದೆಯೋ ಇಲ್ಲವೋ ಎಂದು ಸ್ಕ್ರೀನಿನ ಮೇಲೆ ಬಾಣದ ಗುರುತಿನಿಂದ ತೋರಿಸುತ್ತದೆ. ಬರೀ ಬ್ಯಾಟರಿಯ ಮೇಲೆ ನಿಧಾನವಾಗಿ ಹಂಪ್ ಹತ್ತಿಸಿ ಇಳಿಸಿದೆವು. ಎಂಜಿನ್ ನಿಂತಿದೆ, ಆದರೂ ಟಕ್ ಎಂದಿತು. ಅಂದಮೇಲೆ ಅದು ಎಂಜಿನ್ನಿನ ಸದ್ದಲ್ಲ. ಡಿಕ್ಕಿಯಲ್ಲಿದ್ದ ಜಾಕು, ಸ್ಟೆಪ್ನಿ ಎರಡನ್ನೂ ಇಳಿಸಿ ಮತ್ತೆ ಓಡಿಸಿದೆವು. ಆಗಲೂ ಅದೇ ಸದ್ದು, ಮುಂದಿನ ಎಡಗಾಲಿ ಕಡೆಯಿಂದ. ಮಿಸ್ತ್ರಿ ಕಾರು ಎತ್ತಿ ಕೈಯಿಂದ ಅಲ್ಲಾಡಿಸಿ ನೋಡಿದರೆ ಲಿಂಕ್ ರಾಡಿನ ಗುಂಡು ಸವೆದು ಸಡಿಲಾಗಿತ್ತು. ಅರ್ಧ ತಾಸಿನ ಕೆಲಸ, ಅಣ್ಣನ ಜೇಬಿಗೆ ಭಾರವಾಗದ ಖರ್ಚು. ಈ ಸದ್ದಿಗಾಗಿ ಎಂಜಿನ್ ಬಿಚ್ಚಿದ್ದರೆ ಬಿಚ್ಚಿದ ಕೂಲಿ ಹೋಗುತ್ತಿತ್ತು, ಸದ್ದು ಉಳಿಯುತ್ತಿತ್ತು.

ಎರಡನೆಯದು ಹಗುರ ವಿಷಯವಾಗಿರಲಿಲ್ಲ. ರಾತ್ರಿಯಿಡೀ ನಿಂತ ಕಾರಿನಲ್ಲಿ ಮಾತ್ರ ಬರುತ್ತದೆ, ಬಿಸಿಯಾದ ಮೇಲೆ ದಿನವಿಡೀ ಬರುವುದಿಲ್ಲ. ಅಣ್ಣ ಹನ್ನೊಂದು ಗಂಟೆಗೆ ಗ್ಯಾರೇಜಿಗೆ ಹೋದಾಗಲೆಲ್ಲ ಕಾರು ಸುಮ್ಮನಿದ್ದದ್ದು ಇದಕ್ಕೇ. ಹುಬ್ಬಳ್ಳಿಯಲ್ಲಿ ಹೈಬ್ರಿಡ್ ಕೆಲಸ ಬಲ್ಲ ಒಬ್ಬ ಹಿರಿಯ ಮಿಸ್ತ್ರಿಗೆ ನಮ್ಮ ರೆಕಾರ್ಡಿಂಗ್ ಕಳಿಸಿದೆವು. ಅವರು ಫೋನಿನಲ್ಲೇ ಕೇಳಿದ ಮೊದಲ ಪ್ರಶ್ನೆ: "ಕೂಲಂಟ್ ಕಡಿಮಿ ಆಗ್ತೈತೇನು?"

ಅಣ್ಣ ನೋಡಿರಲಿಲ್ಲ. ಹೈಬ್ರಿಡ್ ಕಾರುಗಳಲ್ಲಿ ಅನೇಕ ಸಲ ಕೂಲಂಟ್ ಡಬ್ಬಿ ಎರಡಿರುತ್ತವೆ. ಒಂದು ಎಂಜಿನ್ನಿಗೆ, ಇನ್ನೊಂದು ಕರೆಂಟಿನ ಭಾಗಗಳನ್ನು ತಣ್ಣಗಿಡಲು. ಎಂಜಿನ್ ಡಬ್ಬಿಯ ಮೇಲೆ, ಬೆಳಿಗ್ಗೆ ತಣ್ಣಗಿದ್ದಾಗ, ಮಾರ್ಕರ್ ಪೆನ್ನಿನಿಂದ ಗೆರೆ ಎಳೆದೆವು. ಎರಡು ವಾರಕ್ಕೆ ನೀರು ಗೆರೆಯಿಂದ ಒಂದು ಬೆರಳು ಕೆಳಗಿಳಿದಿತ್ತು. ಕಾರಿನ ಕೆಳಗೆ ಒಂದು ಹನಿಯೂ ಬಿದ್ದಿರಲಿಲ್ಲ. ಹೊರಗೆ ಸೋರದ ನೀರು ಒಳಗೆ ಸೋರುತ್ತಿರಬೇಕು.

ಒಳಗೆ ಆಗುವುದು ಹೀಗೆ. ಎಂಜಿನ್ನಿನ ಕೆಳಭಾಗ ಬ್ಲಾಕು, ಮೇಲ್ಭಾಗ ಹೆಡ್ಡು, ನಡುವೆ ಹೆಡ್ ಗ್ಯಾಸ್ಕೆಟ್ ಎಂಬ ತೆಳು ಹಾಳೆ. ಅದರಲ್ಲಿ ಸಣ್ಣ ಬಿರುಕು ಬಿಟ್ಟರೆ, ಬಿಸಿ ಎಂಜಿನ್ ಆರಿಸಿ ನಿಲ್ಲಿಸಿದ ಮೇಲೆ ಒಳಗಿನ ಒತ್ತಡಕ್ಕೆ ಕೂಲಂಟ್ ಸ್ವಲ್ಪ ಸ್ವಲ್ಪವೇ ಸಿಲಿಂಡರಿನೊಳಗೆ ಜಿನುಗುತ್ತದೆ. ಬೆಳಿಗ್ಗೆ ಮೋಟರು ಎಂಜಿನ್ನನ್ನು ತಿರುಗಿಸಿದಾಗ ಆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುವುದಿಲ್ಲ. ಒಂದು ಸಿಲಿಂಡರ್ ಕೆಲಸ ಮಾಡದೆ ಉಳಿದವು ಮಾಡಿದಾಗ ಎಂಜಿನ್ ಗಡಗಡ ನಡುಗುತ್ತದೆ. ಕೆಲವು ಸೆಕೆಂಡಿನಲ್ಲಿ ಆ ನೀರು ಆವಿಯಾಗಿ ಸೈಲೆನ್ಸರಿನಿಂದ ಹೋಗುತ್ತದೆ, ಎಂಜಿನ್ ಸುಮ್ಮನಾಗುತ್ತದೆ. ನಾವು "ಸರಿಹೋಯಿತು" ಅಂದುಕೊಳ್ಳುತ್ತೇವೆ. ಒಳಗಿನ ಬಿರುಕು ದಿನದಿನಕ್ಕೆ ಬೆಳೆಯುತ್ತಿರುತ್ತದೆ.

ಹುಬ್ಬಳ್ಳಿಗೆ ಹೋದಾಗ ಅವರು ಒಂದು ಕೆಲಸ ಕಡ್ಡಾಯ ಮಾಡಿದರು. ಕಾರು ರಾತ್ರಿ ಅಲ್ಲೇ ನಿಲ್ಲಬೇಕು, ಬೆಳಿಗ್ಗೆ ಅವರೇ ಚಾಲೂ ಮಾಡಬೇಕು. ಮರುದಿನ ಸ್ಕ್ಯಾನರ್ ಹಚ್ಚಿದಾಗ ಪಿ0301 ಎಂಬ ಕೋಡ್ ಬಂತು, ಅಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಕೋಡ್ ಒಂದರಿಂದಲೇ ಗ್ಯಾಸ್ಕೆಟ್ ಎಂದು ಹೇಳಲಾಗದು. ಪ್ಲಗ್ಗು, ಕಾಯಿಲ್, ಇಂಜೆಕ್ಟರ್ ಕೆಟ್ಟರೂ ಅದೇ ಕೋಡ್ ಬರುತ್ತದೆ. ಅದಕ್ಕೆ ಅವರು ಕೂಲಂಟ್ ದಾರಿಗೆ ಒತ್ತಡ ಕೊಟ್ಟು ಬಿಟ್ಟು, ಪ್ಲಗ್ ತೆಗೆದ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿದರು. ಪಿಸ್ಟನ್ನಿನ ಮೇಲೆ ಕೂಲಂಟ್ ಹೊಳೆಯುತ್ತಿತ್ತು. ಅದನ್ನು ಅಣ್ಣನ ಕಣ್ಣಿಗೇ ತೋರಿಸಿದರು. ಎಂಜಿನ್ ಬಿಚ್ಚುವ ಮಾತು ಬಂದದ್ದು ಅದಾದ ಮೇಲೆ.

ಗ್ಯಾಸ್ಕೆಟ್ ಕೆಲಸ ಅಗ್ಗವಲ್ಲ. ಅಣ್ಣನಿಗೆ ಎರಡು ತಿಂಗಳ ದುಡಿಮೆ ಹೋಯಿತು. ಆದರೆ ಹೆಡ್ಡು ಇನ್ನೂ ಸೊಟ್ಟಾಗಿರಲಿಲ್ಲ, ಬ್ಲಾಕಿಗೆ ಪೆಟ್ಟಾಗಿರಲಿಲ್ಲ. ಹಾಗೇ ಓಡಿಸಿದ್ದರೆ ಒಂದು ದಿನ ಪಿ.ಬಿ. ರೋಡಿನಲ್ಲಿ ಕೂಲಂಟ್ ಖಾಲಿಯಾಗಿ ಎಂಜಿನ್ ಸುಟ್ಟುಕೊಂಡು ನಿಲ್ಲುತ್ತಿತ್ತು ಎಂದರು ಮಿಸ್ತ್ರಿ. ಬ್ಯಾಟರಿ ಪೂರ್ತಿ ಆರೋಗ್ಯವಾಗಿತ್ತು. ಆ ಇನ್ನೊಬ್ಬರ ಮಾತು ಕೇಳಿ ಬ್ಯಾಟರಿ ಬದಲಿಸಿದ್ದರೆ ಸಾಲದ ಮೇಲೆ ಸಾಲ.

ಮಾರುವ ಮಾತಿನ ಬಗ್ಗೆಯೂ ಹೇಳಬೇಕು. ಆ ಎರಡು ವಾರದಲ್ಲಿ ಒಬ್ಬರು ಕಾರು ನೋಡಲು ಬಂದಿದ್ದರು. ಮಧ್ಯಾಹ್ನದ ಹೊತ್ತು, ಎಂಜಿನ್ ಬಿಸಿ, ಕಾರು ಬೆಣ್ಣೆಯಂತೆ ಓಡುತ್ತಿತ್ತು. ಒಳ್ಳೆಯ ರೇಟೇ ಹೇಳಿದರು. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂಜಾನೆ ಬರ್ರಿ, ತಣ್ಣಗಿದ್ದಾಗ ಚಾಲೂ ಮಾಡಿ ಕೇಳ್ರಿ, ಆಮ್ಯಾಲೆ ಮಾತಾಡೂಣು" ಅಂದರು. ಅವರು ಬರಲಿಲ್ಲ. ಅಣ್ಣನಿಗೆ ಈ ಕಾರು ಮಾರಿದವರು ಇಷ್ಟು ಹೇಳಿದ್ದರೆ ಮನೆಯ ಬಂಗಾರ ಮನೆಯಲ್ಲೇ ಇರುತ್ತಿತ್ತೇನೋ.

ಊರೂರಿಗೆ ಈಗ ಇಂಥ ಕಾರು ಸೆಕೆಂಡ್ ಹ್ಯಾಂಡಾಗಿ ಬರುತ್ತಿವೆ. ನೀವು ಕೊಳ್ಳುವವರಾದರೆ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ ಹೋಗಿ. ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಯಾರೋ ಮೊದಲೇ ಚಾಲೂ ಮಾಡಿದ್ದಾರೆ ಎಂದರ್ಥ. ನಿಮ್ಮದೇ ಕಾರು ಬಡಿಯುತ್ತಿದ್ದರೆ ಮೊದಲು ಸದ್ದು ಬರುವ ಹೊತ್ತು ಬರೆದುಕೊಳ್ಳಿ, ರೆಕಾರ್ಡ್ ಮಾಡಿ, ಕೂಲಂಟ್ ಡಬ್ಬಿಗೆ ಗೆರೆ ಹಾಕಿ, ಎಂಜಿನ್ ಆಯಿಲ್ ನೋಡಿ. ಬಿಸಿ ಎಂಜಿನ್ನಿನ ಕೂಲಂಟ್ ಮುಚ್ಚಳ ತೆಗೆಯಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಕಿತ್ತಳೆ ಬಣ್ಣದ ದಪ್ಪ ವೈರುಗಳನ್ನು ಮುಟ್ಟಲೇಬೇಡಿ. ಜೀವ ತೆಗೆಯುವಷ್ಟು ಕರೆಂಟ್ ಅದರಲ್ಲಿ ಹರಿಯುತ್ತದೆ. ಅದು ಕಲಿತವರ ಕೆಲಸ.

ಅಣ್ಣನ ಸಾಲ ಇನ್ನೂ ಹದಿನಾಲ್ಕು ಕಂತು ಬಾಕಿ ಇದೆ. ನೋಟ್‌ಬುಕ್ ಡ್ಯಾಶ್‌ಬೋರ್ಡಿನಲ್ಲೇ ಇದೆ. ಈಗ ಅದರಲ್ಲಿ ನಮ್ಮ ಬಾಕಿ ಬಾಡಿಗೆಯನ್ನೂ ಬರೆಯುತ್ತಿದ್ದಾರೆ.