ಸೊಲ್ಲಾಪುರದ ಅರವಟ್ಟಿಗೆ

ಮೇ ತಿಂಗಳಿನಲ್ಲಿ ಸೊಲ್ಲಾಪುರದ ಬಿಸಿಲು 40 ಡಿಗ್ರಿಯನ್ನು ದಾಟುವುದು ಹೊಸ ಸಂಗತಿಯಲ್ಲ. ಅಕ್ಕಲಕೋಟೆಯಿಂದಲೋ ಇಂಡಿಯಿಂದಲೋ ಬಂದ ಬಸ್ಸಿನಿಂದ ಇಳಿದವರು ಮೊದಲು ಹುಡುಕುವುದು ನೆರಳನ್ನು, ಅನಂತರ ನೀರನ್ನು. ಬೇವಿನ ಮರದ ಬುಡದಲ್ಲಿ ಒದ್ದೆ ಗೋಣಿತಟ್ಟು ಸುತ್ತಿದ ಹರವಿಗಳು ಕಂಡರೆ ಎರಡೂ ಒಟ್ಟಿಗೆ ದೊರೆತಂತೆ. ಅಲ್ಲಿ ಹಣ ಕೇಳುವವರಿಲ್ಲ. ಊರು, ಹೆಸರು ಕೇಳುವವರೂ ಇಲ್ಲ.

ಕನ್ನಡಿಗರು ಇದನ್ನು ಅರವಟ್ಟಿಗೆ ಎನ್ನುತ್ತಾರೆ. ಮರಾಠಿಯವರಿಗೆ ಇದು ಪಾಣಪೋಯಿ. ಮಗ್ಗದ ಕಸುಬಿನೊಡನೆ ಬಂದು ನೆಲೆಸಿದ ತೆಲುಗರಿಗೆ ಚಲಿವೇಂದ್ರ. ಉರ್ದು ಮಾತಾಡುವವರಿಗೆ ಸಬೀಲ್. ಯಾವ ಹೆಸರಿನಿಂದ ಕೇಳಿದರೂ ನೀರು ತುಂಬಿದ ಲೋಟ ಕೈಗೆ ಬರುತ್ತದೆ.

ಹರವಿಯ ನೀರು ತಂಪಾಗುವುದರಲ್ಲಿ ಮಾಯೆಯೇನೂ ಇಲ್ಲ. ಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ಜಿನುಗುವ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಆದರೆ ಆ ತಂಪಿನ ಹಿಂದೆ ಯಾರದೋ ದುಡಿಮೆಯಿದೆ. ಮುಂಜಾನೆಯೇ ಹರವಿಯನ್ನು ತೊಳೆಯಬೇಕು, ನೀರನ್ನು ಸೋಸಿ ತುಂಬಬೇಕು, ಗೋಣಿಯನ್ನು ಮತ್ತೆ ಮತ್ತೆ ನೆನೆಸಬೇಕು. ಭೀಮಾ ನದಿಯ ಉಜನಿ ಜಲಾಶಯದಿಂದ ನೀರು ಪಡೆಯುವ ಈ ನಗರದಲ್ಲಿ ಮನೆಯ ನಲ್ಲಿಗೆ ನಿತ್ಯವೂ ನೀರು ಬರುವುದಿಲ್ಲ. ಹೀಗೆ ಕೂಡಿಟ್ಟ ನೀರಿನಲ್ಲಿಯೇ ಒಂದೆರಡು ಕೊಡ ದಾರಿಹೋಕರಿಗೆಂದು ತೆಗೆದಿಡುವುದು ಸಣ್ಣ ದಾನವಲ್ಲ.

ಈ ಗುಣಕ್ಕೆ ಊರಿನ ನೆಲದಲ್ಲಿಯೇ ಆಳವಾದ ಬೇರಿದೆ. ಹಿಂದೆ ಸೊನ್ನಲಿಗೆ ಎನಿಸಿದ್ದ ಇಲ್ಲಿ 12ನೆಯ ಶತಮಾನದ ಶಿವಯೋಗಿ ಸಿದ್ಧರಾಮರು ಕೆರೆ ಕಟ್ಟಿಸಿದರೆಂದು ಜನ ಇಂದಿಗೂ ನೆನೆಯುತ್ತಾರೆ. ಸಿದ್ಧೇಶ್ವರ ದೇಗುಲದ ಸುತ್ತ ಆ ಕೆರೆಯ ನೀರು ಹರಡಿಕೊಂಡಿದೆ. ಕನ್ನಡದ ಹಳೆಯ ಶಾಸನಗಳಲ್ಲಿಯೂ ಅರವಟ್ಟಿಗೆಗೆಂದು ಬಿಟ್ಟ ದತ್ತಿಗಳ ಉಲ್ಲೇಖವಿದೆ. ಕಾಣದವರ ಬಾಯಾರಿಕೆಯನ್ನು ನೆನೆದು ಮಾಡಿದ ಧರ್ಮವದು.

ಆದರೆ ಈ ಧರ್ಮ ಎಲ್ಲರನ್ನೂ ಸಮನಾಗಿ ಕಂಡಿತ್ತೆಂದು ಹೇಳಲಾಗದು. ಕೆಲವರಿಗೆ ಲೋಟ ಕೈಗೆ ಸಿಗುತ್ತಿತ್ತು. ಕೆಲವರು ದೂರ ನಿಂತು ಬೊಗಸೆಯೊಡ್ಡಿದರೆ ಮೇಲಿನಿಂದ ನೀರು ಬೀಳುತ್ತಿತ್ತು. ಕೆರೆಗೆ ಇಳಿಯಲು ಅವರಿಗೆ ಅವಕಾಶವೇ ಇರಲಿಲ್ಲ. ಇದೇ ಮಹಾರಾಷ್ಟ್ರದ ಮಹಾಡದಲ್ಲಿ 1927ರ ಮಾರ್ಚ್ 20ರಂದು ಡಾ. ಬಾಬಾಸಾಹೇಬ ಅಂಬೇಡ್ಕರರು ಸಾವಿರಾರು ಜನರೊಡನೆ ಚವದಾರ ಕೆರೆಗೆ ನಡೆದು ನೀರು ಕುಡಿದರು. ಆ ಕೆರೆಯನ್ನು ಎಲ್ಲರಿಗೂ ತೆರೆಯುವ ನಿರ್ಣಯ ಮೊದಲೇ ಆಗಿದ್ದರೂ ರೂಢಿ ಅದನ್ನು ತಡೆದು ನಿಂತಿತ್ತು. ಮುಂದೆ ಸಂವಿಧಾನದ 15ನೆಯ ವಿಧಿ ಸಾರ್ವಜನಿಕ ಬಾವಿ, ಕೆರೆಗಳ ಬಳಿ ಜಾತಿ, ಧರ್ಮಗಳ ಹೆಸರಿನಲ್ಲಿ ಯಾರನ್ನೂ ತಡೆಯಬಾರದೆಂದು ವಿಧಿಸಿತು. ಕರುಣೆಯಿಂದ ದೊರೆಯುತ್ತಿದ್ದ ನೀರು ಹಕ್ಕಿನ ನೀರಾಯಿತು. ಎಲ್ಲರೂ ಒಂದೇ ಲೋಟವನ್ನು ಎತ್ತಿಕೊಳ್ಳುವ ಅರವಟ್ಟಿಗೆಯಲ್ಲಿ ಆ ಕರುಣೆಯೂ ಈ ಹಕ್ಕೂ ಕೂಡಿ ನಿಲ್ಲುತ್ತವೆ.

ಇಂದು ಅಂಗಡಿಗಳಲ್ಲಿ ಬಾಟಲಿ ನೀರು ಧಾರಾಳವಾಗಿದೆ. ಆದರೂ ಅದಕ್ಕೆ ಬೇಕಾದ ಹಣ ಎಲ್ಲರ ಕಿಸೆಯಲ್ಲಿಯೂ ಇರುವುದಿಲ್ಲ. ಹೊರೆ ಹೊರುವ ಹಮಾಲನಿಗೆ, ಚಿಂದಿ ಆಯುವ ಹೆಂಗಸಿಗೆ, ಶಾಲೆ ಬಿಟ್ಟು ನಡೆದು ಹೋಗುವ ಮಗುವಿಗೆ ಹರವಿಯೇ ಆಸರೆ.

ಕುಡಿಯುವವರಿಗೂ ಒಂದು ಕರ್ತವ್ಯವಿದೆ. ಕೈಯನ್ನು ನೀರಿಗೆ ಅದ್ದಬಾರದು, ಬೇಕಾದಷ್ಟನ್ನೇ ತೆಗೆದುಕೊಳ್ಳಬೇಕು, ಲೋಟವನ್ನು ಕಚ್ಚದೆ ಎತ್ತಿ ಕುಡಿಯಬೇಕು. ಅವಸರದಲ್ಲಿ ಬಸ್ಸು ಹಿಡಿಯಲು ಓಡುವವರೂ ಒಂದು ಕ್ಷಣ ನಿಂತು ಹರವಿಯ ಮುಚ್ಚಳವನ್ನು ಮುಚ್ಚಿಯೇ ಹೋಗುತ್ತಾರೆ. ಮುಂದೆ ಬರುವವರು ಯಾರೆಂದು ಅವರಿಗೆ ತಿಳಿಯದು. ಬಾಯಾರಿ ಬರುತ್ತಾರೆಂಬುದಷ್ಟೇ ತಿಳಿದಿದೆ.